ಯಾವ ರಾಗ ಹಾಕಬೇಕು ಎಂದು ಕೇಳುವವರಿಗೆ

ಮಾತು ತಡವಾದ, ಕರೆದರೆ ತಿರುಗಿ ನೋಡದ ಪುಟ್ಟ ಮಕ್ಕಳ ಜೊತೆ ಸಂಗೀತ ಚಿಕಿತ್ಸೆಯ ಚಟುವಟಿಕೆಗಳನ್ನು ನಡೆಸುವುದು ನನ್ನ ಕೆಲಸ. ಇದು ತಿಳಿದವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಕಳೆದ ತಿಂಗಳು ತೀರ್ಥಹಳ್ಳಿಯ ಮದುವೆಯೊಂದರಲ್ಲಿ, ಎಲೆಗೆ ಪಾಯಸ ಬೀಳುವ ಹೊತ್ತಿಗೆ, ಪಕ್ಕದಲ್ಲಿ ಕುಳಿತಿದ್ದ ದೊಡ್ಡಮ್ಮ ಮೊಮ್ಮಗನ ಕೈಯಲ್ಲಿದ್ದ ಫೋನನ್ನು ತೋರಿಸಿ, “ಇದರಲ್ಲಿ ಯಾವ ರಾಗ ಹಾಕಿದ್ರೆ ಇವನು ಸುಮ್ನೆ ಕೂರ್ತಾನೆ ಹೇಳೇ ಮಾರಾಯ್ತಿ, ನೀಲಾಂಬರಿಯಾ, ಮೋಹನವಾ?” ಎಂದರು. ಪಂಕ್ತಿಯಲ್ಲಿ ವಾದ ಬೇಡವೆಂದು ಅಲ್ಲಿ ಸುಮ್ಮನಾದೆ. ನನ್ನ ಉತ್ತರ ಇದು: ಯಾವ ರಾಗವನ್ನೂ ಹಾಕಬೇಡಿ.

ನೀಲಾಂಬರಿಯ ಮೇಲೆ ನನಗೆ ತಕರಾರಿಲ್ಲ. ತೊಟ್ಟಿಲಿಗೂ ಆ ರಾಗಕ್ಕೂ ಇರುವ ನಂಟು ಹಳೆಯದು. ತಕರಾರಿರುವುದು ‘ಹಾಕುವುದು’ ಮತ್ತು ‘ಸುಮ್ಮನೆ ಕೂರುವುದು’ ಎಂಬ ಎರಡು ಮಾತುಗಳ ಮೇಲೆ. ನನ್ನ ಬಳಿಗೆ ಬರುವ ಎಷ್ಟೋ ಮಕ್ಕಳು ಈಗಾಗಲೇ ಸುಮ್ಮನಿರುವವರು, ಅವರ ತಾಯಂದಿರ ನಿದ್ದೆ ಕೆಡಿಸಿರುವುದೇ ಆ ಮೌನ. ಅಂಥ ಮಗುವನ್ನು ಇನ್ನಷ್ಟು ಸುಮ್ಮನಾಗಿಸುವ ಉಪಾಯವನ್ನು ನನ್ನಿಂದ ಏಕೆ ಬಯಸುತ್ತೀರಿ? ಫೋನಿನೊಳಗಿನ ಹಾಡು ಎಷ್ಟೇ ಇಂಪಾಗಿರಲಿ, ಎದುರಿಗಿರುವ ಮಗು ಬಾಯಿ ತೆರೆಯಲು ಹೊರಟಿದೆಯೆಂದು ಅದು ಅರೆಕ್ಷಣ ಕಾಯುವುದಿಲ್ಲ.

ರಿಪ್ಪನ್‌ಪೇಟೆ ಕಡೆಯಿಂದ ಅಜ್ಜಿಯ ಜೊತೆ ಬಸ್ಸಿನಲ್ಲಿ ಬರುತ್ತಿದ್ದ ಹುಡುಗನೊಬ್ಬನಿದ್ದ, ಮೂರೂವರೆ ವರ್ಷದವನು. ಮೊದಲ ನಾಲ್ಕು ವಾರ ಅವನು ನನ್ನ ಕಡೆ ಬೆನ್ನು ಹಾಕಿ ಕಿಟಕಿಯ ಬಳಿಯೇ ನಿಂತಿರುತ್ತಿದ್ದ. ನಾನು ಹೆಸರು ಸೇರಿಸಿ ಸ್ವಾಗತದ ಹಾಡು ಹಾಡಿದೆ, ಗೆಜ್ಜೆ ಅಲ್ಲಾಡಿಸಿದೆ, ಬಣ್ಣದ ವಸ್ತ್ರ ಬೀಸಿದೆ. ಅವನಿಗೆ ಯಾವುದೂ ಬೇಕಾಗಲಿಲ್ಲ. ಐದನೆಯ ವಾರ ಆಷಾಢದ ಮಳೆ ಹಿಡಿದಿತ್ತು. ಸೂರಿನಿಂದ ಬಕೆಟ್ಟಿಗೆ ಬೀಳುತ್ತಿದ್ದ ಹನಿಗಳಿಗೆ ಸರಿಯಾಗಿ ಅವನು ಕಿಟಕಿಯ ಸರಳನ್ನು ಬೆರಳಿನಿಂದ ಬಡಿಯುತ್ತಿರುವುದನ್ನು ಕಂಡು, ನಾನು ನನ್ನ ಹಾಡುಗಳನ್ನೆಲ್ಲ ಬದಿಗಿಟ್ಟು, ಅವನ ಹಿಂದೆಯೇ ನೆಲದ ಮೇಲೆ ಕುಳಿತು, ಅದೇ ಲಯವನ್ನು ಕಂಜಿರದ ಮೇಲೆ ಮೆಲ್ಲಗೆ ನುಡಿಸಿದೆ. ಅವನು ವೇಗ ಹೆಚ್ಚಿಸಿದಾಗ ನಾನೂ ಹೆಚ್ಚಿಸಿದೆ. ಅವನು ನಿಲ್ಲಿಸಿದಾಗ ನಾನೂ ನಿಲ್ಲಿಸಿದೆ. ಆಗ ಅವನು ತಿರುಗಿ ನೋಡಿದ.

ಇದು ನಾನು ಕಂಡುಹಿಡಿದದ್ದಲ್ಲ. 1959ರಲ್ಲಿ ಇಂಗ್ಲೆಂಡಿನಲ್ಲಿ ಜೊತೆಯಾದ ಸಂಗೀತ ಸಂಯೋಜಕ ಪಾಲ್ ನಾರ್ಡಾಫ್ ಮತ್ತು ವಿಶೇಷ ಶಿಕ್ಷಕ ಕ್ಲೈವ್ ರಾಬಿನ್ಸ್, ಮಗು ಅಳುತ್ತಿದ್ದರೆ ಆ ಅಳುವಿನ ಸ್ವರಕ್ಕೇ ಸಂಗೀತವನ್ನು ಹೊಂದಿಸುವ ದಾರಿಯನ್ನು ತೋರಿಸಿಕೊಟ್ಟರು. ಇನ್ನು ನಿಲ್ಲಿಸುವುದರ ಶಕ್ತಿಗೆ 2009ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಸದಾ ನೆನಪಾಗುತ್ತದೆ: ಹುಟ್ಟಿ ಎರಡು ಮೂರು ದಿನಗಳಾಗಿದ್ದ ಶಿಶುಗಳು ಮಲಗಿದ್ದಾಗ ತಾಳವಾದ್ಯದ ಲಯವನ್ನು ಕೇಳಿಸಿ, ಮುಖ್ಯ ಪೆಟ್ಟನ್ನು ಆಗಾಗ ಬಿಟ್ಟುಬಿಟ್ಟರೆ, ಅವುಗಳ ಮಿದುಳು ಆ ಕೊರತೆಯನ್ನು ಗುರುತಿಸುತ್ತಿತ್ತು. ಬರಬೇಕಾದ ಪೆಟ್ಟಿಗಾಗಿ ಮೂರು ದಿನದ ಕೂಸು ಕಾಯುತ್ತದೆಯೆಂದ ಮೇಲೆ, ಮೂರು ವರ್ಷದ ಮಗುವಿಗೆ ನಾವೇಕೆ ಬಿಡುವೇ ಕೊಡದೆ ಹಾಡು ಸುರಿಯಬೇಕು?

ವಾಸಿಯಾಗುತ್ತದೆಯೇ ಎಂದು ಕೇಳುವವರೂ ಇದ್ದಾರೆ. ಇತರರೊಡನೆ ಬೆರೆಯುವುದೂ ಮಾತುಕತೆಯೂ ತೊಡಕಾಗುವ ಬೆಳವಣಿಗೆಯ ಸ್ಥಿತಿಯಾದ ಆಟಿಸಂ ಇರುವ, 9 ದೇಶಗಳ 364 ಮಕ್ಕಳನ್ನು ಒಳಗೊಂಡು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 5 ತಿಂಗಳ ಸಂಗೀತ ಚಿಕಿತ್ಸೆಯ ನಂತರವೂ ಲಕ್ಷಣಗಳ ತೀವ್ರತೆ ಸಾಮಾನ್ಯ ಆರೈಕೆ ಪಡೆದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ಆದ್ದರಿಂದ ವಾಸಿ ಮಾಡುತ್ತೇನೆಂದು ನಾನು ಯಾರಿಗೂ ಹೇಳುವುದಿಲ್ಲ. ಮೊದಲು ಮಗುವಿನ ಕಿವಿ ಪರೀಕ್ಷೆ ಮಾಡಿಸಿ, ವಾಕ್ ಚಿಕಿತ್ಸೆಯನ್ನು ಬಿಡಬೇಡಿ ಎಂದು ಹೇಳುತ್ತೇನೆ. ನಾನು ಮಾಡುವುದು ಒಂದು ಮಗುವನ್ನು ಇನ್ನೊಬ್ಬರ ಜೊತೆ ಸರದಿಯಾಟಕ್ಕೆ ಕರೆಯುವ ಕೆಲಸ, ಅದು ಸಣ್ಣದೆಂದು ನನಗೆ ಅನ್ನಿಸಿಲ್ಲ.

ನಾನು ಕೇಳಿಸಿಕೊಳ್ಳಲು ಬಯಸುವ ಪ್ರಶ್ನೆಯನ್ನು ಆ ಹುಡುಗನ ಅಜ್ಜಿಯೊಬ್ಬರೇ ಕೇಳಿದರು. “ನಾ ಹಾಡುವಾಗ ಎಲ್ಲಿ ನಿಲ್ಲಿಸ್ಬೇಕು ಮೇಡಂ?” ಅವರು ಕೊಟ್ಟಿಗೆಯಲ್ಲಿ ಕರುವನ್ನು ಕರೆಯುವಾಗ ಪ್ರತಿ ಸಾಲಿನ ಕೊನೆಗೆ ‘ಬಾ’ ಎಂದು ರಾಗವೆಳೆಯುತ್ತಿದ್ದರು. ಅದನ್ನೇ ಹಾಡಿ, ದಿನವೂ ಅದೊಂದನ್ನೇ, ಅವನಿಗೆ ಬಾಯಿಪಾಠವಾಗುವಷ್ಟು ಹಾಡಿ, ಎಂದೆ. ಆಮೇಲೆ ಒಂದು ದಿನ ಕೊನೆಯ ‘ಬಾ’ ಬರುವ ಮುನ್ನ ನಿಲ್ಲಿಸಿ, ಅವನ ಮುಖ ನೋಡುತ್ತ ಮನಸ್ಸಿನಲ್ಲೇ ಹತ್ತು ಎಣಿಸಿ. ಹೇಳು ಹೇಳು ಎಂದು ಒತ್ತಾಯಿಸಬೇಡಿ. ಕೈ ಎತ್ತಿದರೂ ಸರಿ, ಯಾವ ಸದ್ದು ಹೊರಟರೂ ಸರಿ, ಅದನ್ನೇ ಉತ್ತರವೆಂದು ಹಿಡಿದು ಹಾಡನ್ನು ಮುಂದುವರಿಸಿ. ಏನೂ ಬರದಿದ್ದರೆ ನೀವೇ ‘ಬಾ’ ಎಂದು ಮುಗಿಸಿ, ಬೇಸರ ತೋರಿಸದೆ ಮತ್ತೆ ಮೊದಲಿನಿಂದ ಹಾಡಿ.

ಎರಡು ವಾರ ಕಳೆದ ಮೇಲೆ ಅಜ್ಜಿ ಕೊಡೆ ಮಡಚುವ ಮೊದಲೇ ಬಾಗಿಲಲ್ಲಿ ನಿಂತು ಹೇಳಿದರು: “ಬಾ ಅನ್ನಲಿಲ್ಲ ಮೇಡಂ. ಆದ್ರೆ ನಾ ನಿಲ್ಲಿಸಿದ್ದಕ್ಕೆ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸ್ಕೊಂಡ.” ಅವನ ಕಡತದಲ್ಲಿ ನಾನು ಆ ಮಾತನ್ನು ಅವರು ಹೇಳಿದಂತೆಯೇ ಬರೆದಿಟ್ಟಿದ್ದೇನೆ.