ಇಂಡಿಗೋ ಅಮೆರಿಕಕ್ಕೆ ಹಾರಬೇಕಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬಳ್ಳಾರಿಯ ರಾಯಲ್ ಸರ್ಕಲ್ ಹತ್ತಿರ ನನ್ನದೊಂದು ಟಿಕೆಟ್ ಬುಕಿಂಗ್ ಅಂಗಡಿ ಇದೆ. ಮೊದಲು ಬಸ್ಸು, ರೈಲಿನ ಟಿಕೆಟ್ಟೇ ಹೆಚ್ಚಿತ್ತು. ಈಗ ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಟ ಅಪ್ಪ ಅಮ್ಮಂದಿರೇ ಜಾಸ್ತಿ ಬರುತ್ತಾರೆ. ಟಿಕೆಟ್ ಕೈಗೆ ತಗೊಂಡು ಏಳುವ ಹೊತ್ತಿಗೆ ಬಹಳ ಮಂದಿ ಕೇಳುವುದು ಒಂದೇ ಮಾತು: "ಇಂಡಿಗೋದವರು ಊರೂರಿಗೂ ಹಾರಸ್ತಾರ, ಬೆಂಗಳೂರಿಂದ ಅಮೆರಿಕಕ್ಕ ನೇರ ಬಿಡಬೇಕಲ್ರಿ?"

ಬಿಡಬೇಕು. ಆದರೆ ಒಮ್ಮೆ ಬಿಟ್ಟರೆ ನಡುವೆ ನಿಲ್ಲಿಸಬಾರದು. ನಿಲ್ಲಿಸುವ ಅಂಜಿಕೆ ಇದ್ದರೆ ಶುರು ಮಾಡುವುದೇ ಬೇಡ. ಕೌಂಟರಿನಲ್ಲಿ ಇಷ್ಟೇ ಹೇಳಲಿಕ್ಕೆ ಆಗುತ್ತದೆ, ಉಳಿದದ್ದು ಇಲ್ಲಿದೆ.

ಹೋದ ವರ್ಷ ಸಿರುಗುಪ್ಪದ ಅಮ್ಮ ಒಬ್ಬರು ಮಗಳ ಬಾಣಂತನಕ್ಕೆಂದು ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದರು. ಬ್ಯಾಗು ತೂಗಿಸಲು ಅಂಗಡಿಗೇ ತಂದರು. ಒಂದು ಬ್ಯಾಗಿಗೆ 23 ಕಿಲೋ ಮಿತಿ, ಅವರದು ಇಪ್ಪತ್ತೈದರ ಹತ್ತಿರ ಬಂತು. ಬಿಚ್ಚಿದರೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಎರಡು ಡಬ್ಬಿ ಅಂಟಿನುಂಡೆ. ಏನಾದರೂ ತೆಗೆಯಬೇಕಲ್ಲಮ್ಮಾ ಎಂದೆ. "ಉಂಡಿ ತೆಗಿಯಬ್ಯಾಡ ತಮ್ಮಾ, ನನ್ನ ಸೀರಿ ತೆಗಿ" ಅಂದರು. ಆಮೇಲೆ ಮೆಲ್ಲಗೆ, "ನಡುವ ಇಳಿದು ಹತ್ತೋದು ಇಲ್ದಂಗ ಒಂದ ವಿಮಾನದಾಗ ಹೋಗಾಕ ಬರಂಗಿಲ್ಲೇನು?" ಎಂದು ಕೇಳಿದರು.

ಅವರು ಗಲ್ಫಿನ ಒಂದು ನಿಲ್ದಾಣದಲ್ಲಿ ವಿಮಾನ ಬದಲಿಸಬೇಕಿತ್ತು. ಇಂಥವರಿಗೆ ನಾನು ಒಂದು ಚೀಟಿ ಬರೆದು ಲ್ಯಾಮಿನೇಟ್ ಮಾಡಿಸಿ ಕೊಡುತ್ತೇನೆ. ಮೇಲೆ ದಪ್ಪ ಅಕ್ಷರದಲ್ಲಿ ಇಂಗ್ಲಿಷ್, ಕೆಳಗೆ ಕನ್ನಡ: "ನನಗೆ ಕನ್ನಡ ಮಾತ್ರ ಬರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಹತ್ತಬೇಕು. ದಯವಿಟ್ಟು ಗೇಟ್ ತೋರಿಸಿ." ಕಾಲು ಗಟ್ಟಿ ಇದ್ದರೂ ವೀಲ್‌ಚೇರ್ ಬರೆಸುತ್ತೇನೆ, ತಳ್ಳುವವರು ಗೇಟಿನವರೆಗೆ ಮುಟ್ಟಿಸುತ್ತಾರೆ ಎಂಬ ಧೈರ್ಯಕ್ಕೆ. ಅದಕ್ಕೂ ಮುಂಚೆ ಒಬ್ಬ ಯಜಮಾನರಿಗೆ ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿತ್ತು. ಸಕ್ಕರೆ ಕಾಯಿಲೆಯ ಮಾತ್ರೆ ದೊಡ್ಡ ಬ್ಯಾಗಿನಲ್ಲಿ ಹೋಗಿಬಿಟ್ಟಿತ್ತು. ರಾತ್ರಿಯೆಲ್ಲ ಅವರು ಕುರ್ಚಿಯ ಮೇಲೆ ಕೂತಿದ್ದರು, ಇಲ್ಲಿ ನಾನು ಫೋನು ಹಿಡಿದು ಕೂತಿದ್ದೆ. ನೇರ ವಿಮಾನ ಬೇಕು ಅಂತ ನಾನು ಹಟ ಹಿಡಿಯುವುದು ಇಂಥವರಿಗಾಗಿ.

ಹಾಗಾದರೆ ಯಾಕೆ ಬಿಡುವುದಿಲ್ಲ? ನಮ್ಮ ಗುಂತಕಲ್ ಜಂಕ್ಷನ್ ನೆನೆಸಿಕೊಳ್ಳಿ. ನಾಲ್ಕೂ ದಿಕ್ಕಿನಿಂದ ಬಂದ ಜನ ಅಲ್ಲಿ ಇಳಿದು ಇನ್ನೊಂದು ಗಾಡಿ ಹತ್ತುತ್ತಾರೆ, ಅದಕ್ಕೇ ಗಾಡಿ ತುಂಬುತ್ತದೆ. ದುಬೈ, ದೋಹಾ ಆಕಾಶದ ಗುಂತಕಲ್ ಇದ್ದ ಹಾಗೆ. ನೇರ ವಿಮಾನಕ್ಕೆ ಆ ಅನುಕೂಲ ಕಡಿಮೆ, ಬೆಂಗಳೂರಿಗೆ ಬಂದು ಸೇರುವ ಜನರೇ ಅದನ್ನು ತುಂಬಿಸಬೇಕು.

ಇನ್ನು ದೂರ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14,000 ಕಿಲೋಮೀಟರ್, ಹದಿನಾರು ಗಂಟೆಗೂ ಮೇಲಿನ ಹಾರಾಟ. ಅಷ್ಟು ದೂರಕ್ಕೆ ನೂರು ಟನ್ನಿನ ಆಸುಪಾಸು ಇಂಧನ ಬೇಕು. ಕೊನೆಯ ಗಂಟೆಯಲ್ಲಿ ಉರಿಯುವ ಇಂಧನವನ್ನೂ ಮೊದಲ ಗಂಟೆಯಿಂದ ಹೊತ್ತೇ ಹಾರಬೇಕು, ಹಾಗೆ ಹೊರುವುದಕ್ಕೇ ಒಂದಿಷ್ಟು ಉರಿದುಹೋಗುತ್ತದೆ. ಅದರ ಮೇಲೆ ಬೆಂಗಳೂರು ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಬಿಸಿಲೇರಿದರೆ ಇನ್ನೂ ತೆಳು. ತುಂಬಿದ ವಿಮಾನ ಏಳಲು ತಿಣುಕುತ್ತದೆ. ಆಗ ಸರಕನ್ನೋ ಸೀಟನ್ನೋ ಖಾಲಿ ಬಿಡಬೇಕು. ಹೋಗಿ ಬರಲು ಒಂದೂವರೆ ದಿನ ಹಿಡಿಯುವುದರಿಂದ ದಿನಾ ಒಂದು ವಿಮಾನ ಬಿಡಲು ಎರಡು ವಿಮಾನ ಮೀಸಲಿಡಬೇಕು, ಒಂದು ಕೆಟ್ಟರೆ ಮೂರನೆಯದು. ಪೈಲಟ್‌ಗಳೂ ಎರಡು ಜೋಡಿ.

ಇಂಡಿಗೋದಂಥ ಕಡಿಮೆ ದರದ ಕಂಪನಿಗಳು ಎಡವಿದ್ದೂ ಇಲ್ಲೇ. ಮಲೇಷ್ಯಾದ ಏರ್‌ಏಷ್ಯಾ ಎಕ್ಸ್ 2009ರಲ್ಲಿ ಕೌಲಾಲಂಪುರದಿಂದ ಲಂಡನ್‌ಗೆ ಶುರು ಮಾಡಿ 2012ರಲ್ಲಿ ಕೈಬಿಟ್ಟಿತು. ನಾರ್ವೆ ದೇಶದ ನಾರ್ವೇಜಿಯನ್ 2021ರಲ್ಲಿ ದೂರದ ಹಾರಾಟವನ್ನೇ ಮುಚ್ಚಿತು. ಸಣ್ಣ ದೂರದಲ್ಲಿ ದಿನಕ್ಕೆ ಹಲವು ಸಲ ಹಾರಿಸಿ ಗಳಿಸುವ ಲೆಕ್ಕ ಹದಿನಾರು ಗಂಟೆಯ ಹಾರಾಟಕ್ಕೆ ಹೊಂದುವುದಿಲ್ಲ.

ಇಷ್ಟೆಲ್ಲ ಇದ್ದರೂ ಬಿಡಬೇಕು ಎನ್ನಲು ನನಗೆ ಎರಡು ಕಾರಣ. ಒಂದು, ರಷ್ಯಾದ ಆಕಾಶ. ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್‌ನಿಂದ, ಯುನೈಟೆಡ್ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರ ಹಾರುವುದಾಗಿ ಘೋಷಿಸಿದ್ದವು. ಒಂದೂ ಶುರುವಾಗಲಿಲ್ಲ. ರಷ್ಯಾದ ಮೇಲೆ ಹಾರಿದರೆ ದಾರಿ ಹತ್ತಿರ, ಆದರೆ 2022ರಿಂದ ಅಮೆರಿಕದ ಕಂಪನಿಗಳಿಗೆ ಅಲ್ಲಿ ಹಾರಲು ಬಿಡುತ್ತಿಲ್ಲ, ನಮ್ಮವರಿಗೆ ಆ ಅಡ್ಡಿ ಇಲ್ಲ. ಎರಡು, ಈ ದಾರಿಯನ್ನು ಏರ್ ಇಂಡಿಯಾ ಆಗಲೇ ಮಾಡಿ ತೋರಿಸಿದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಮಹಿಳಾ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದಿಳಿಯಿತು. ಆ ಸುದ್ದಿ ಓದಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಇಂಡಿಗೋ 60 ಏರ್‌ಬಸ್ ಎ350-900 ವಿಮಾನಗಳಿಗೆ ಆರ್ಡರ್ ಕೊಟ್ಟಿದೆ. ಈ ದೂರಕ್ಕೆ ಒಪ್ಪುವ, ಎರಡೇ ಎಂಜಿನ್ನಿನ ವಿಮಾನ ಅದು. ಸಿಂಗಪುರ ಏರ್‌ಲೈನ್ಸ್ ನಾಲ್ಕು ಎಂಜಿನ್ನಿನ ಎ340 ಹಾರಿಸಿ ಖರ್ಚು ತಾಳಲಾರದೆ 2013ರಲ್ಲಿ ನಿಲ್ಲಿಸಿದ್ದ ನ್ಯೂಯಾರ್ಕ್ ದಾರಿಯನ್ನು 2018ರಲ್ಲಿ ಮತ್ತೆ ತೆರೆದದ್ದು ಎ350ಯ ದೂರ ಹಾರುವ ಮಾದರಿಯಿಂದಲೇ. ಆದ್ದರಿಂದ ಆ ವಿಮಾನಗಳು ಸಾಕಷ್ಟು ಬರುವವರೆಗೆ ಕಾಯಲಿ. ಮುಂದಿನ ಸಾಲುಗಳಲ್ಲಿ ಬಿಸಿನೆಸ್ ಸೀಟು ಹಾಕಲಿ. ಐಟಿ ಕಂಪನಿಯವರು ಅಲ್ಲಿ ದುಬಾರಿ ದರ ಕೊಟ್ಟು ಕೂತರೆ ಹಿಂದಿನ ಸಾಲಿನ ನಮ್ಮ ಅಮ್ಮಂದಿರ ಟಿಕೆಟ್ ಕೈಗೆಟುಕುತ್ತದೆ.

ನಿಲ್ಲಿಸಬಾರದು ಎಂದು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಅದನ್ನು ಇಲ್ಲೇ ಅನುಭವಿಸಿದ್ದೇನೆ. ಸಣ್ಣ ಊರುಗಳಿಗೂ ವಿಮಾನ ಮುಟ್ಟಿಸುವ ಸರ್ಕಾರದ ಉಡಾನ್ ಯೋಜನೆಯಲ್ಲಿ ನಮ್ಮ ಹತ್ತಿರದ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ ಸಣ್ಣ ಎಟಿಆರ್ ವಿಮಾನ ಬಂದಾಗ ಅಂಗಡಿ ಮುಂದೆ ಬೋರ್ಡು ಬರೆಸಿದ್ದೆ. ಜನ ರೂಢಿ ಮಾಡಿಕೊಳ್ಳುವ ಹೊತ್ತಿಗೆ ಆ ಕಂಪನಿಯ ಹಾರಾಟ ನಿಂತಿತು. ದುಡ್ಡು ವಾಪಸ್ ಕೊಡಿಸಲು ತಿಂಗಳುಗಟ್ಟಲೆ ಓಡಾಡಿದೆ. ಆಮೇಲೆ ಬೇರೆಯವರು ವಿಮಾನ ಬಿಟ್ಟಾಗಲೂ ನನ್ನ ಗಿರಾಕಿಗಳು, "ಇದು ಇರ್ತದೇನ್ರಿ?" ಎಂದು ಕೇಳಿ ಹಂಪಿ ಎಕ್ಸ್‌ಪ್ರೆಸ್ಸಿಗೇ ಟಿಕೆಟ್ ಮಾಡಿಸಿದರು. ಅಮೆರಿಕದ ಟಿಕೆಟ್ಟನ್ನು ಜನ ಐದಾರು ತಿಂಗಳು ಮೊದಲೇ ತೆಗೆಸುತ್ತಾರೆ, ಹೆರಿಗೆಯ ದಿನ ಲೆಕ್ಕ ಹಾಕಿ. ನಡುವೆ ನಿಂತರೆ ಏನು ಮಾಡಬೇಕು ಅವರು?

ವಾರಕ್ಕೆ ಮೂರೇ ದಿನ ಹಾರಿಸಲಿ, ವರ್ಷಪೂರ್ತಿ ಹಾರಿಸಲಿ. ಮೊದಲ ಎರಡು ಮೂರು ವರ್ಷದ ನಷ್ಟಕ್ಕೆ ದುಡ್ಡು ತೆಗೆದಿಟ್ಟುಕೊಂಡೇ ಇಳಿಯಲಿ. ಸಿರುಗುಪ್ಪದ ಅಮ್ಮ ಮೊನ್ನೆ ಫೋನ್ ಮಾಡಿದ್ದರು, ಸಣ್ಣ ಮಗಳೂ ಈಗ ಅಲ್ಲೇ ಇದ್ದಾಳಂತೆ, ಮತ್ತೆ ಹೋಗಬೇಕಂತೆ. ಹಳೇ ಚೀಟಿ ಜೋಪಾನವಾಗಿ ಇಟ್ಟಿದ್ದೀನಿ, ಅದೇ ನಡೀತದೇನು ತಮ್ಮಾ ಎಂದು ಕೇಳಿದರು. ನಡೀತದಮ್ಮಾ ಎಂದೆ.