ಕೋಟೆ ಕಥೆಗೆ ಗಡಿಯಾರ ಕಟ್ಟೋದು

ಟೆಕ್ಸ್ಟ್ ಗೇಮ್ (ಚಿತ್ರ ಇಲ್ಲದೆ ಬರೀ ಓದಿ ಆಡೋ ಕಥೆ ಆಟ) ಬರೆಯೋರು ಪಾತ್ರ, ಒಗಟು, ವರ್ಣನೆ ಅಂತ ಎಲ್ಲದಕ್ಕೂ ತಲೆ ಕೆಡಿಸ್ಕೋತಾರೆ, ಟೈಮ್ ವಿಷಯ ಬಂದ್ರೆ ಮಾತ್ರ ಆಮೇಲೆ ನೋಡ್ಕೊಳ್ಳೋಣ ಬಿಡು ಅಂತಾರೆ. ನನಗಂತೂ ಇದು ಸರಿ ಕಾಣಲ್ಲ. ನಾನು ಈಗ ಬರೀತಿರೋದು ಚಿತ್ರದುರ್ಗದ ಕೋಟೆ ಕಥೆ, ಅದು ನಿಂತಿರೋದೇ ಹೊತ್ತಿನ ಮೇಲೆ. ಕಾವಲಿನ ಗಂಡ ಊಟಕ್ಕೆ ಮನೆಗೆ ಬಂದಿರ್ತಾನೆ, ಓಬವ್ವ ನೀರು ತರೋಕೆ ಹೋಗ್ತಾಳೆ, ಅಷ್ಟರಲ್ಲೇ ಹೈದರಾಲಿ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳೋಕೆ ಶುರು ಮಾಡ್ತಾರೆ. ಗಂಡನ ಊಟ ಮುಗಿಯೋ ತನಕ ಎಷ್ಟು ಹೊತ್ತು, ಅದೇ ಇಡೀ ಆಟ.

ಇಂಥ ಆಟ ಬರೆಯೋಕೆ ಬಳಸೋ ಇನ್ಫಾರ್ಮ್ 7ರಲ್ಲಿ ನಾವೇನೂ ಹೇಳದೆ ಬಿಟ್ರೆ ಆಟ ಬೆಳಗ್ಗೆ 9ಕ್ಕೆ ಶುರುವಾಗುತ್ತೆ, ಒಂದು ಸರದಿಗೆ, ಅಂದ್ರೆ ಆಡೋರು ಕೊಡೋ ಒಂದು ಆಜ್ಞೆಗೆ, ಒಂದು ನಿಮಿಷ. ಒನಕೆ ಎತ್ಕೊಂಡ್ರೂ ಒಂದು ನಿಮಿಷ, ಬಂಡೆ ಹತ್ತಿದ್ರೂ ಒಂದೇ ನಿಮಿಷ. ಮಧ್ಯರಾತ್ರಿ ದಾಟಿದ್ರೆ ಮತ್ತೆ ಸೊನ್ನೆಯಿಂದ, ತಾರೀಖು ಅನ್ನೋದೇ ಇಲ್ಲ. ಒಂದು ಮಧ್ಯಾಹ್ನದ ಕಥೆಗೆ ಇಷ್ಟು ನಡೆಯುತ್ತೆ, ಮೂರು ದಿನದ ಮುತ್ತಿಗೆ ಬರೀಬೇಕು ಅಂದ್ರೆ ನಾವೇ ಕಟ್ಕೋಬೇಕು.

ನಾನು ಹೇಳೋದು ಇಷ್ಟೇ, ಆಟದೊಳಗೆ ಒಂದೇ ಒಂದು ಸಂಖ್ಯೆ ಇಟ್ಕೊಳ್ಳಿ: ಕಥೆ ಶುರುವಾದ ದಿನದ ಮಧ್ಯರಾತ್ರಿಯಿಂದ ಎಷ್ಟು ನಿಮಿಷ ಆಯ್ತು ಅಂತ. 1440ರಿಂದ ಭಾಗಿಸಿದ್ರೆ ಎಷ್ಟನೇ ದಿನ ಅಂತ ಸಿಗುತ್ತೆ (ಮೊದಲ ದಿನ ಸೊನ್ನೆ), ಉಳಿದ ಶೇಷ ಆ ದಿನದ ಹೊತ್ತು. ವಾರ, ತಾರೀಖು ಎಲ್ಲಾ ಪರದೆ ಮೇಲೆ ತೋರಿಸೋವಾಗ ಲೆಕ್ಕ ಹಾಕಿದ್ರೆ ಆಯ್ತು, ಬೇರೆ ಬೇರೆ ವೇರಿಯಬಲ್‌ನಲ್ಲಿ ಇಟ್ರೆ ಒಂದಲ್ಲ ಒಂದು ದಿನ ಅವು ಒಂದಕ್ಕೊಂದು ಹೊಂದಲ್ಲ. ಝಡ್-ಮಷೀನ್‌ಗೆ (ಇಂಥ ಆಟಗಳು ಓಡೋ ಹಳೇ ವೇದಿಕೆ) ಬರೀತಿದ್ರೆ ಮಾತ್ರ ಹುಷಾರು, ಅದ್ರಲ್ಲಿ ಸಂಖ್ಯೆ 16 ಬಿಟ್, ಪ್ಲಸ್ ಕಡೆ 32767ರ ತನಕ ಅಷ್ಟೇ, ಅಂದ್ರೆ ಇಪ್ಪತ್ತೆರಡು ದಿನ ಹದಿನೆಂಟು ಗಂಟೆ ಆಗ್ತಿದ್ದಂಗೆ ಲೆಕ್ಕ ಮೈನಸ್‌ಗೆ ಜಾರುತ್ತೆ. ತಿಂಗಳುಗಟ್ಟಲೆ ನಡೆಯೋ ಕಥೆಗೆ ಗ್ಲಲ್ಕ್ಸ್ ಅನ್ನೋ ಆಮೇಲಿನ ವೇದಿಕೆ ತಗೊಳ್ಳಿ, ಅದು 32 ಬಿಟ್.

ಕೆಲವರು ಕಂಪ್ಯೂಟರ್ ಗಡಿಯಾರನೇ ನೇರವಾಗಿ ಓದಿಬಿಡ್ತಾರೆ, ಬ್ರೌಸರ್‌ನಲ್ಲಿ ಆಡೋ ಕಥೆ ಬರೆಯೋ ಟ್ವೈನ್‌ ಅನ್ನೋ ಸಾಧನದಲ್ಲಿ ಅದು ಸುಲಭ ಕೂಡ. ನನಗೆ ಒಪ್ಪಿಗೆ ಇಲ್ಲ. ಆಡೋರು ಅನ್‌ಡೂ ಮಾಡಿ ಹಿಂದಿನ ಸರದಿಗೆ ವಾಪಸ್ ಹೋದ್ರೆ ಆಟದ ಸಂಖ್ಯೆ ಹಿಂದಕ್ಕೆ ಹೋಗುತ್ತೆ, ಗೋಡೆ ಮೇಲಿನ ಗಡಿಯಾರ ಹೋಗಲ್ಲ. ಸೇವ್ ಮಾಡಿ ಮುಂದಿನ ವಾರ ತೆಗೆದ್ರೆ ಗಂಡ ಊಟಕ್ಕೆ ಕೂತಲ್ಲೇ ಇರ್ಬೇಕಲ್ವಾ? ಇನ್ನು ಕಂಪ್ಯೂಟರ್‌ಗಳು 1970ರಿಂದ ಸೆಕೆಂಡ್ ಎಣಿಸೋ ಲೆಕ್ಕ 32 ಬಿಟ್‌ನಲ್ಲಿ ಹಿಂದಕ್ಕೆ 1901ರ ತನಕ ಮಾತ್ರ ಹೋಗುತ್ತೆ, ದುರ್ಗ ಹೈದರಾಲಿ ಕೈಗೆ ಹೋಗಿದ್ದು 1779ರಲ್ಲಿ.

ಇನ್ನೊಂದು ಮುಖ್ಯ. ಯಾವ ಕೆಲಸಕ್ಕೆ ಎಷ್ಟು ನಿಮಿಷ ಅಂತ ನೀವೇ ನಿಗದಿ ಮಾಡಿದ್ರೆ (ನಾನು ಸುತ್ತ ನೋಡೋದಕ್ಕೆ ಸೊನ್ನೆ, ಬಂಡೆ ಹತ್ತೋದಕ್ಕೆ ಆರು ಇಟ್ಟಿದೀನಿ) ಗಡಿಯಾರ ಜಿಗಿಯುತ್ತೆ. ಹೊತ್ತು 768 (ಅಂದ್ರೆ ಮಧ್ಯಾಹ್ನ 12:48) ಆದಾಗ ಮೊದಲ ಸೈನಿಕ ತಲೆ ಹಾಕ್ಬೇಕು ಅಂತಿದ್ರೆ, 768ಕ್ಕೆ ಸಮ ಇದೆಯಾ ಅಂತ ಕೇಳ್ಬೇಡಿ, 765ರಿಂದ ಸೀದಾ 771ಕ್ಕೆ ಹೋದ್ರೆ ಆ ಸೈನಿಕ ಬರೋದೇ ಇಲ್ಲ. 768 ಅಥವಾ ಅದಕ್ಕಿಂತ ಜಾಸ್ತಿ ಆಗಿದ್ಯಾ, ಇವನು ಇನ್ನೂ ಬಂದಿಲ್ವಾ, ಎರಡೂ ಕೇಳಿ.

ಆ ಕಾಲದಲ್ಲಿ ಕಾವಲಿನವನು 12:48 ಅಂತ ಹೇಳ್ತಿರಲಿಲ್ಲ, ಅದಕ್ಕೆ ಘಳಿಗೆಯಲ್ಲೇ ತೋರಿಸ್ತೀನಿ. ಒಂದು ಘಳಿಗೆಗೆ 24 ನಿಮಿಷ, ದಿನಕ್ಕೆ 60, ಅದೇ 1440, ಎಷ್ಟು ಚೆಂದ ಕೂಡುತ್ತೆ ನೋಡಿ! ಸೂರ್ಯೋದಯ ಆರಕ್ಕೆ ಅಂತ ಇಟ್ಕೊಂಡು 768ರಲ್ಲಿ 360 ಕಳೆದು 24ರಿಂದ ಭಾಗಿಸಿದ್ರೆ ಸರಿಯಾಗಿ 17 ಘಳಿಗೆ. ತಿಥಿ ಮಾತ್ರ ಲೆಕ್ಕ ಹಾಕೋಕೆ ಹೋಗ್ಬೇಡಿ, ಒಂದೊಂದು ತಿಥಿ ಒಂದೊಂದು ಉದ್ದ, ಪಂಚಾಂಗ ನೋಡಿ ಪಟ್ಟಿ ಬರೆದಿಟ್ಕೊಳ್ಳಿ.

ಈಗಿನ ಕಾಲದ ಕಥೆಗೆ ಬೇರೆ ತೊಡಕು. ರಾತ್ರಿ ಹನ್ನೆರಡೂಕಾಲಿಗೆ ದಾವಣಗೆರೆ ಬಸ್ ಸ್ಟ್ಯಾಂಡಲ್ಲಿ ನಿಂತು ‘ನಾಳೆ ದುರ್ಗಕ್ಕೆ ಹೋಗ್ತೀನಿ’ ಅಂದೋರು ಬೆಳಗಾದ್ಮೇಲೆ ಹೊರಡ್ತಾರೆ, ಪ್ರೋಗ್ರಾಂ ಮಾತ್ರ ಇನ್ನೂ ಒಂದು ದಿನ ಮುಂದಕ್ಕೆ ಹಾಕುತ್ತೆ. ಹಂಗಾಗಿ ಮಾತುಕತೆಗೆ ದಿನ ಹುಡುಕೋವಾಗ ಮೊದಲು 300 ನಿಮಿಷ ಕಳೀರಿ, ಆಮೇಲೆ ಭಾಗಿಸಿ, ಆಗ ಬೆಳಗಿನ ಐದಕ್ಕೆ ದಿನ ಬದಲಾಗುತ್ತೆ. ತಾರೀಖು ತೋರಿಸೋ ಕಡೆ ಮಾತ್ರ ಕಳೀಬೇಡಿ, ಟಿಕೆಟ್ ಮೇಲೆ ಮಧ್ಯರಾತ್ರಿಗೇ ಬದಲಾಗ್ಬೇಕು.