ಯುಗಾದಿ ರಾತ್ರಿಯ ಉದ್ದ ಹಾಡುಗಳು

ತುಮಕೂರು, 30 ಮಾರ್ಚ್ 2025, ಭಾನುವಾರ

ಇಂಗ್ಲೆಂಡಿನವರು ಇಂದು ಗಡಿಯಾರವನ್ನು ಮುಂದಕ್ಕೆ ತಿರುಗಿಸಿದರು. ಪ್ರತಿ ವರ್ಷ ಮಾರ್ಚ್ ತಿಂಗಳ ಕೊನೆಯ ಭಾನುವಾರ ಅಲ್ಲಿ ರಾತ್ರಿ ಒಂದು ಗಂಟೆಯಾಗುತ್ತಲೇ ಎರಡು ಗಂಟೆಯಾಗಿಬಿಡುತ್ತದೆ. ನಮ್ಮಲ್ಲಿ ಆಗ ಬೆಳಗಿನ ಆರೂವರೆ. ಈ ಸಲ ಅದೇ ದಿನ ಯುಗಾದಿಯೂ ಬಿತ್ತು. ಅಲ್ಲಿ ಒಂದು ಗಂಟೆ ಮಾಯವಾಗುವ ಹೊತ್ತಿಗೆ ಇಲ್ಲಿ ನಾನು ಮೈತುಂಬ ಹರಳೆಣ್ಣೆ ಹಚ್ಚಿಸಿಕೊಂಡು ನೀರು ಕಾಯುವುದನ್ನೇ ಕಾಯುತ್ತಿದ್ದೆ. ಪಂಚಾಂಗದ ಫಲಾಫಲ ಏನೇ ಇರಲಿ, ವಿಶ್ವಾವಸು ಸಂವತ್ಸರದ ಮೊದಲ ಲಾಭ ನನಗೆ ಆಗಲೇ ಬಂದಿತ್ತು: ಚಳಿಗಾಲವಿಡೀ ರಾತ್ರಿ ಹತ್ತೂವರೆಗೆ ಶುರುವಾಗುತ್ತಿದ್ದ ಇಂಗ್ಲೆಂಡಿನ ಪ್ರೋಗ್ರೆಸಿವ್ ರಾಕ್ (ಉದ್ದ ಹಾಡು, ತಿರುವು ಹೆಚ್ಚಿರುವ ತಾಳಗಳ ರಾಕ್ ಸಂಗೀತ) ಕಾರ್ಯಕ್ರಮ ಇನ್ನು ಅಕ್ಟೋಬರ್ ಕೊನೆಯವರೆಗೆ ಒಂಬತ್ತೂವರೆಗೇ ಬರುತ್ತದೆ. ಹನ್ನೊಂದೂವರೆಗೆ ಮಲಗಬಹುದು. ಸೋಮವಾರ ಕಚೇರಿಯಲ್ಲಿ ತೂಕಡಿಸುವುದು ತಪ್ಪುತ್ತದೆ.

ಇದು ಇಂಟರ್ನೆಟ್ ಮೂಲಕ ಬರುವ ರೇಡಿಯೊ. ವಾರಕ್ಕೊಮ್ಮೆ ಎರಡು ಗಂಟೆ, ಹೆಚ್ಚಿನ ಪಾಲು ಹೊಸ ಬಿಡುಗಡೆಗಳು. ನಿರೂಪಕರಿಗೆ ವಯಸ್ಸಾಗಿದೆ ಎಂದು ದನಿಯೇ ಹೇಳುತ್ತದೆ. ಹಾಡಿನ ಮೇಲೆ ಮಾತಾಡುವ ಚಾಳಿ ಇಲ್ಲ, ಹಾಡು ಪೂರ್ತಿ ನಿಂತ ಮೇಲೆಯೇ ಬಾಯಿ ಬಿಡುತ್ತಾರೆ. ನಮ್ಮ ಎಫ್‌ಎಂ ಹುಡುಗರು ಇದೊಂದನ್ನು ಕಲಿತರೂ ಸಾಕು.

ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುತ್ತಿದೆ. ಹಾಗಾಗಿ ಮನೆಯೊಳಗೆ ಸದ್ದು ನಿಷಿದ್ಧ. ಸಂಜೆ ಚಂದ್ರ ದರ್ಶನಕ್ಕೆಂದು ಮಹಡಿಗೆ ಹಾಸಿದ್ದ ಚಾಪೆ ಅಲ್ಲಿಯೇ ಇತ್ತು. ಮೊಬೈಲನ್ನೂ ಚಿಕ್ಕ ಬ್ಲೂಟೂತ್ ಸ್ಪೀಕರನ್ನೂ ಅಲ್ಲಿಗೇ ಒಯ್ದೆ. ಇಂದಿನ ಚಂದ್ರನನ್ನು ನಮ್ಮ ಬೀದಿಯವರಷ್ಟೇ ಅಲ್ಲ, ರಂಜಾನ್ ಉಪವಾಸ ಮುಗಿಸುವವರೂ ಕಣ್ಣು ನೆಟ್ಟು ಹುಡುಕಿದ್ದರು. ನಾಳೆ ಅವರಿಗೆ ಹಬ್ಬ, ನಮಗೆ ಹೊಸತೊಡಕು. ಮಟನ್ ಅಂಗಡಿಯ ಸಾಲನ್ನು ನೆನೆದರೆ ಈಗಲೇ ಕಾಲು ನೋಯುತ್ತದೆ.

ಮಹಡಿಗೆ ನನ್ನ ಹಿಂದೆಯೇ ಸೋದರಮಾವನೂ ಬಂದರು. ಹಬ್ಬಕ್ಕೆ ಗುಬ್ಬಿ ಕಡೆಯಿಂದ ಬಂದವರು. ಒಬ್ಬಟ್ಟು ಹೆಚ್ಚಾಗಿ, ಗಾಳಿಯಲ್ಲಿ ಕೂರಲು ಜಾಗ ಹುಡುಕುತ್ತಿದ್ದರು. ಮಾವ ಸಾಮಾನ್ಯ ಕೇಳುಗರಲ್ಲ. ಅವರ ಊರಿನಲ್ಲಿ ಕುರುಕ್ಷೇತ್ರ ನಾಟಕ ಏರ್ಪಟ್ಟಾಗಲೆಲ್ಲ ಕರ್ಣನ ಪಾತ್ರಕ್ಕೆ ಕೈಯಿಂದ ದುಡ್ಡು ಕಟ್ಟಿ ಬಣ್ಣ ಹಚ್ಚಿದವರು. ಆನೆ ಕುದುರೆಗಳನ್ನೇ ರಂಗದ ಮೇಲೆ ತಂದು ಕುರುಕ್ಷೇತ್ರ ಆಡಿಸಿದ ಗುಬ್ಬಿ ವೀರಣ್ಣನವರ ಸೀಮೆಯವರಿಗೆ ಆ ನಾಟಕವೆಂದರೆ ಸುಮ್ಮನೆ ಅಲ್ಲ. ರಾತ್ರಿ ಹತ್ತಕ್ಕೆ ಪರದೆ ಎದ್ದರೆ ಬೆಳಗಿನ ಜಾವದವರೆಗೆ ನಡೆಯುತ್ತದೆ. ಹಾರ್ಮೋನಿಯಂ ಮೇಷ್ಟ್ರು ಮನಸ್ಸು ಮಾಡಿದರೆ ಒಂದೊಂದು ಕಂದ ಪದ್ಯವೂ ಕಾಲು ಗಂಟೆ.

"ಇದೇನಯ್ಯ, ಇಂಗ್ಲಿಷ್ ಹಾಡೇ?"

"ಹೌದು ಮಾವ. ಆದರೆ ಉದ್ದನೆಯವು. ಒಂದೊಂದು ಇಪ್ಪತ್ತು ನಿಮಿಷ."

"ಇಪ್ಪತ್ತು ನಿಮಿಷ ಒಂದು ಉದ್ದವೇ?" ಎಂದು ಗೋಡೆಗೆ ಒರಗಿದರು.

ಮೊದಲು ಬಂದದ್ದು ಡ್ರೀಮ್ ಥಿಯೇಟರ್ ತಂಡದ 'ನೈಟ್ ಟೆರರ್'. ಫೆಬ್ರುವರಿ 7ರಂದು ಬಿಡುಗಡೆಯಾದ 'ಪ್ಯಾರಾಸಾಮ್ನಿಯಾ' ಆಲ್ಬಮ್ಮಿನದು. 2010ರಲ್ಲಿ ತಂಡ ತೊರೆದಿದ್ದ ಡ್ರಮ್ ವಾದಕ ಮೈಕ್ ಪೋರ್ಟ್‌ನಾಯ್ 2023ರಲ್ಲಿ ಮರಳಿದ ಮೇಲೆ ಬಂದ ಮೊದಲ ಆಲ್ಬಂ ಇದು. ಅಭಿಮಾನಿಗಳು ಹೊರಟುಹೋದ ಮಗ ಮನೆಗೆ ಬಂದಷ್ಟು ಸಂಭ್ರಮಪಟ್ಟರು. ವಿಷಯ ನಿದ್ದೆಯ ಕಾಯಿಲೆಗಳು: ನಿದ್ದೆಯಲ್ಲಿ ನಡೆಯುವುದು, ಬೆಚ್ಚಿ ಕಿರುಚುವುದು, ಎಚ್ಚರವಿದ್ದೂ ಕೈಕಾಲು ಆಡದೆ ಮಲಗಿರುವಾಗ ಕೋಣೆಯಲ್ಲಿ ಕಪ್ಪು ನೆರಳೊಂದು ನಿಂತಂತೆ ಕಾಣುವುದು. ಆ ನೆರಳಿನ ಮೇಲೆಯೇ ಆಲ್ಬಮ್ಮಿನ ಕೊನೆಯಲ್ಲಿ ಹತ್ತೊಂಬತ್ತೂವರೆ ನಿಮಿಷದ ಹಾಡೊಂದಿದೆ. ಮಾವನಿಗೆ ಇದನ್ನು ವಿವರಿಸಿದಾಗ ಅವರು ಒಂದಿಷ್ಟೂ ಬೆರಗಾಗಲಿಲ್ಲ. "ಎದೆಯ ಮೇಲೆ ಬಂದು ಕೂರುತ್ತದಲ್ಲ, ಅದೇ" ಎಂದರು. ನುಡಿಸುವವರ ಕೈಚಳಕಕ್ಕೆ ತಲೆದೂಗಿದರು. ಆದರೆ ನನ್ನ ಮಟ್ಟಿಗೆ ಈ ಆಲ್ಬಂ ಕೈಚಳಕದಲ್ಲಿಯೇ ತೃಪ್ತಿಪಟ್ಟುಕೊಂಡಿದೆ. ಗಿಟಾರ್ ಒಂದು ಓಟ ಓಡುತ್ತದೆ, ಕೀಬೋರ್ಡ್ ಅದನ್ನೇ ಇನ್ನೂ ಜೋರಾಗಿ ಓಡುತ್ತದೆ, ಹೆದರಿಕೆ ಮಾತ್ರ ಬರುವುದಿಲ್ಲ. ಪೋರ್ಟ್‌ನಾಯ್ ಬಂದದ್ದು ಗೊತ್ತಾಗುತ್ತದೆ, ಅವರ ಪೆಟ್ಟಿಗೆ ಒಂದು ಪುಂಡತನ ಇದೆ. ಅಷ್ಟು ಸಾಲದು.

ಮುಂದಿನದ್ದಕ್ಕೆ ನಾನು ವಾರದಿಂದ ಕಾದಿದ್ದೆ. ಐಕ್ಯೂ ತಂಡದ 'ಡೊಮಿನಿಯನ್', ಮೊನ್ನೆ ಶುಕ್ರವಾರ, 28ರಂದು ಹೊರಬಂದದ್ದು. 1981ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಹುಟ್ಟಿದ ತಂಡ. ಮರಿಲಿಯನ್, ಪೆಂಡ್ರಾಗನ್ ಇತ್ಯಾದಿ ತಂಡಗಳ ಓರಗೆಯದು. ಗಿಡ್ಡ, ಒರಟು ಹಾಡುಗಳ ಪಂಕ್ ಅಲೆ ಬಂದು ಉದ್ದ ಹಾಡುಗಳನ್ನೆಲ್ಲ ಗುಡಿಸಿ ಹಾಕಿದ ಮೇಲೆ, ಯಾರೂ ಕೇಳದಿದ್ದರೂ ಸರಿ ಎಂದು ಮತ್ತೆ ಉದ್ದ ಹಾಡು ಕಟ್ಟಲು ಹೊರಟ ತಲೆಮಾರು ಅದು. ಮರಿಲಿಯನ್ ಹೆಸರು ಮಾಡಿತು. ಐಕ್ಯೂ ಮಾಡಲಿಲ್ಲ. ಆದರೂ ಅವರು ತಮ್ಮದೇ ಸಣ್ಣ ರೆಕಾರ್ಡ್ ಸಂಸ್ಥೆ ಕಟ್ಟಿಕೊಂಡು, ಅವಸರವಿಲ್ಲದೆ ಆಲ್ಬಂ ತರುತ್ತಾ ಬಂದಿದ್ದಾರೆ. ಹೊಸ ಆಲ್ಬಮ್ಮಿನಲ್ಲಿ ಇರುವುದೇ ಐದು ಹಾಡು, ಮೊದಲನೆಯದೇ 'ದಿ ಅನ್‌ನೋನ್ ಡೋರ್', ಇಪ್ಪತ್ತೆರಡು ನಿಮಿಷಕ್ಕೂ ಮಿಗಿಲು. ನಿರೂಪಕರು ಅದನ್ನೇ ಪೂರ್ತಿ ಹಾಕಿದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೂರಿಪ್ಪತ್ತು ನಿಮಿಷದಲ್ಲಿ ಇಪ್ಪತ್ತೆರಡನ್ನು ಒಂದೇ ಹಾಡಿಗೆ ಕೊಡುವುದೆಂದರೆ ನಾಲ್ಕೈದು ತಂಡಗಳನ್ನು ಬಾಗಿಲ ಹೊರಗೆ ನಿಲ್ಲಿಸಿದಂತೆ. ಪ್ರತಿ ವಾರ ಹೊಸ ಆಲ್ಬಮ್ಮುಗಳು ಅವರ ಮುಂದೆ ರಾಶಿ ಬೀಳುತ್ತವೆ. ಒಂದೊಂದರಿಂದ ನಾಲ್ಕು ನಿಮಿಷ ತುಣುಕು ಹಾಕಿದರೆ ಎಲ್ಲರನ್ನೂ ಸಂತೋಷಪಡಿಸಬಹುದು. ಅವರು ಹಾಗೆ ಮಾಡುವುದಿಲ್ಲ. ಇದು ಪೂರ್ತಿ ಕೇಳಬೇಕಾದದ್ದು ಎಂದು ಒಬ್ಬ ಮನುಷ್ಯ ತೀರ್ಮಾನಿಸಿ ತನ್ನ ಐದನೇ ಒಂದು ಭಾಗ ಹೊತ್ತನ್ನು ಪಣಕ್ಕಿಟ್ಟಿದ್ದಾನೆ ಎಂದಾಗ, ಕೇಳುವ ನಮಗೂ ಎದ್ದು ಹೋಗಲು ಸಂಕೋಚವಾಗುತ್ತದೆ. ಮೊಬೈಲ್ ಆ್ಯಪ್‌ಗಳಲ್ಲಿ ಆ ಸಂಕೋಚವೇ ಇಲ್ಲ. ಸ್ಪಾಟಿಫೈಯಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಹಾಡು ಒಮ್ಮೆ ಕೇಳಿದ ಲೆಕ್ಕಕ್ಕೆ ಸೇರುತ್ತದೆ. ಎರಡೂವರೆ ನಿಮಿಷದ ಹಾಡಿಗೂ ಒಂದು, ಇಪ್ಪತ್ತೆರಡು ನಿಮಿಷದ ಹಾಡಿಗೂ ಒಂದೇ. ಇದೇ ಹೊತ್ತಿನಲ್ಲಿ ಎಂಟು ಗಿಡ್ಡ ಹಾಡು ಮಾಡಿದವನಿಗೆ ಎಂಟು ಸಲದ ದುಡ್ಡು. ಈ ಲೆಕ್ಕ ಗೊತ್ತಿದ್ದೂ ಇವರು ಉದ್ದ ಹಾಡು ಮಾಡುತ್ತಾರಲ್ಲ, ಅದು ಹಟವೋ ಹುಚ್ಚೋ ನನಗೆ ತಿಳಿಯದು. ಗ್ರಾಮಫೋನ್ ತಟ್ಟೆಯ ಕಾಲದಲ್ಲಿ ಇದಕ್ಕೊಂದು ಅಳತೆಯಿತ್ತು. ಎಲ್‌ಪಿಯ ಒಂದು ಮಗ್ಗುಲಿಗೆ ಸುಮಾರು ಇಪ್ಪತ್ತೆರಡು ನಿಮಿಷ ಹಿಡಿಸುತ್ತಿತ್ತು. 1972ರಲ್ಲಿ ಯೆಸ್ ತಂಡ ಒಂದು ಮಗ್ಗುಲಿಗೆ ಹದಿನೆಂಟು ನಿಮಿಷದ ಒಂದೇ ಹಾಡು ತುಂಬಿತು. ಅದೇ ವರ್ಷ ಜೆಥ್ರೊ ಟಲ್ ಎರಡೂ ಮಗ್ಗುಲಿಗೂ ಸೇರಿ ಒಂದೇ ಹಾಡು ಮಾಡಿತು. ತಟ್ಟೆ ಮಗುಚಲು ಮಧ್ಯೆ ಏಳಲೇಬೇಕಿತ್ತು, ಆ ಮಾತು ಬೇರೆ.

'ದಿ ಅನ್‌ನೋನ್ ಡೋರ್' ಮೆಲ್ಲಗೆ ಶುರುವಾಗುತ್ತದೆ. ಐಕ್ಯೂ ಗಾಯಕ ಪೀಟರ್ ನಿಕೋಲ್ಸ್ ಅವರ ದನಿಯಲ್ಲಿ ಯಾವಾಗಲೂ ಒಂದು ದುಗುಡ ಇರುತ್ತದೆ, ಎತ್ತರಕ್ಕೆ ಹೋದಾಗಲೂ ಅದು ಬಿಡುವುದಿಲ್ಲ. ಮಾವ ಕಣ್ಣು ಮುಚ್ಚಿದ್ದರು. ನಿದ್ದೆ ಹೋದರು ಎಂದುಕೊಂಡೆ, ಆದರೆ ತೊಡೆಯ ಮೇಲೆ ಬೆರಳು ಆಡುತ್ತಿತ್ತು. ಹದಿನೈದು ಹದಿನಾರನೇ ನಿಮಿಷ ಇರಬೇಕು, ಹಾಡು ತುದಿಗೆ ಏರಲು ಸಿದ್ಧವಾಗುತ್ತಿದೆ ಎನ್ನುವಾಗ ಮೊಬೈಲ್ ಬಡಿದುಕೊಂಡಿತು. ಶಿರಾದಿಂದ ಭಾವ. ಯುಗಾದಿ ಶುಭಾಶಯ. ಬೆಳಗಿನಿಂದ ಊರೆಲ್ಲಕ್ಕೂ ಹೇಳಿ ಮುಗಿಸಿ ನನ್ನ ಸರದಿ ಬಂದದ್ದು ಆಗಲೇ! ನಾಳೆ ಎಷ್ಟು ಕೆಜಿ ತರುತ್ತೀರಿ, ತಲೆಮಾಂಸ ಬೇಕೋ, ಇಸ್ಪೀಟಿಗೆ ಯಾರು ಯಾರು ಬರುತ್ತಾರೆ ಎಂದು ವಿಚಾರಿಸಿದರು. ಹಬ್ಬದ ದಿನ ಕರೆ ಕತ್ತರಿಸಲಾಗದು. ಇಟ್ಟಾಗ ಹಾಡಿನ ಬಾಲ ಮಾತ್ರ ಉಳಿದಿತ್ತು. ನೇರ ರೇಡಿಯೊ ಆದ್ದರಿಂದ ಹಿಂದಕ್ಕೆ ಒಯ್ಯುವ ಹಾಗಿಲ್ಲ.

"ಯುದ್ಧದ ಸೀನು ತಪ್ಪಿಸಿಬಿಟ್ಟನಲ್ಲಯ್ಯ ನಿಮ್ಮ ಭಾವ" ಎಂದು ಮಾವ ಕಣ್ಣು ತೆರೆಯದೆಯೇ ಗೊಣಗಿದರು. ನನಗೆ ಸಿಟ್ಟೆಲ್ಲ ಇಳಿದುಹೋಯಿತು.

ಆಮೇಲೆ ಒಂದೆರಡು ಹೊಸ ತಂಡಗಳ ಹಾಡು ಬಂದವು. ಚೆನ್ನಾಗಿ ಕಲಿತವರು, ಹಳಬರ ನೆರಳಿನಿಂದ ಇನ್ನೂ ಹೊರಬಾರದವರು. ಇಂಥ ಹೊತ್ತಿನಲ್ಲಿ ಸ್ವಲ್ಪ ಕುಟುಕು ಅನ್ನಿಸುತ್ತದೆ. ಇಲ್ಲಿಂದ ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಆಗಮ್ ತಂಡದವರು ತ್ಯಾಗರಾಜರ ಕೃತಿಯನ್ನು ಗಿಟಾರು ಡ್ರಮ್ಮುಗಳ ಮೇಲೆ ಕೂರಿಸಿ ಹಾಡುತ್ತಾರೆ. 2012ರಿಂದಲೇ ಆಲ್ಬಂ ತರುತ್ತಿದ್ದಾರೆ. ಈ ಕಾರ್ಯಕ್ರಮದಲ್ಲಿ ಅವರ ಹೆಸರನ್ನು ನಾನಿನ್ನೂ ಕೇಳಿಲ್ಲ. ನಿರೂಪಕರಿಗೆ ಒಂದು ಇಮೇಲ್ ಬರೆಯಬೇಕು.

ಹತ್ತೂವರೆ ದಾಟಿದ ಮೇಲೆ ಸ್ಟೀವನ್ ವಿಲ್ಸನ್. ಪೊರ್ಕ್ಯುಪೈನ್ ಟ್ರೀ ತಂಡ ಕಟ್ಟಿದವರು. 'ದಿ ಓವರ್‌ವ್ಯೂ' ಮಾರ್ಚ್ 14ರಂದು ಬಂತು. ನಲವತ್ತೆರಡು ನಿಮಿಷದ ಆಲ್ಬಮ್ಮಿನಲ್ಲಿ ಎರಡೇ ಹಾಡು: ಒಂದು ಇಪ್ಪತ್ತಮೂರು ನಿಮಿಷ, ಇನ್ನೊಂದು ಹದಿನೆಂಟು. ಎಲ್‌ಪಿಯ ಮಗ್ಗುಲಿಗೊಂದರಂತೆ ಕತ್ತರಿಸಿ ಇಟ್ಟಿದ್ದಾರೆ. ಬಾಹ್ಯಾಕಾಶದಿಂದ ಭೂಮಿಯನ್ನು ಇಡಿಯಾಗಿ ನೋಡಿದ ಗಗನಯಾತ್ರಿಗಳ ಮನಸ್ಸಿನಲ್ಲಿ ಆಗುವ ಬದಲಾವಣೆಯ ಬಗ್ಗೆ ಫ್ರಾಂಕ್ ವೈಟ್ 1987ರಲ್ಲಿ ಪುಸ್ತಕ ಬರೆದಿದ್ದರು, ಆಲ್ಬಮ್ಮಿನ ಹೆಸರಿನ ಮೂಲ ಅಲ್ಲಿದೆ. ಉದ್ದದ ಹಾಡಿನ ಒಂದು ಭಾಗಕ್ಕೆ ಎಕ್ಸ್‌ಟಿಸಿ ತಂಡದ ಆ್ಯಂಡಿ ಪಾರ್ಟ್ರಿಜ್ ಸಾಹಿತ್ಯ ಬರೆದಿದ್ದಾರೆ. ಬೀದಿಯ ಸಣ್ಣಪುಟ್ಟ ಗೋಳುಗಳು ಒಂದು ಕಡೆ, ಅದೇ ಗಳಿಗೆಯಲ್ಲಿ ಆಕಾಶದಲ್ಲಿ ನಡೆಯುವ ಮಹಾ ಉತ್ಪಾತಗಳು ಇನ್ನೊಂದು ಕಡೆ. ಇಂದು ಹಾಕಿದ್ದು ಹದಿನೆಂಟು ನಿಮಿಷದ್ದು. ಅದರ ಶುರುವಿನಲ್ಲಿ ವಿಲ್ಸನ್ನರ ಹೆಂಡತಿ ರೋಟೆಮ್ ಯಾವ ಭಾವವೂ ಇಲ್ಲದ ದನಿಯಲ್ಲಿ ಗಾತ್ರಗಳನ್ನೂ ಆಕಾಶಕಾಯಗಳ ಹೆಸರುಗಳನ್ನೂ ಓದುತ್ತಾ ಹೋಗುತ್ತಾರೆ, ಹತ್ತರ ಘಾತ ಏರುತ್ತಲೇ ಇರುತ್ತದೆ. ಕೆಳಗೆ ಯಂತ್ರದ ಮಿಡಿತ. ಮಗಳು ನೀರಿನ ಬಾಟಲಿ ಹಿಡಿದು ಮೇಲೆ ಬಂದವಳು ಮೆಟ್ಟಿಲ ಬಳಿಯೇ ನಿಂತಳು.

"ಅಪ್ಪಾ, ನನ್ನ ವಿಜ್ಞಾನದ ಪುಸ್ತಕ ಓದುತ್ತಿದ್ದಾರಾ ಇವರು?"

ಐದು ನಿಮಿಷ ನಿಂತು ಕೇಳಿದಳು. ಅವಳು ಯಾವ ಹಾಡನ್ನೂ ಅಷ್ಟು ಹೊತ್ತು ಕೇಳಿದ್ದನ್ನು ನಾನು ಕಂಡಿಲ್ಲ. ಆಮೇಲೆ "ಪರವಾಗಿಲ್ಲ" ಎಂದು ಇಳಿದು ಹೋದಳು.

ವಿಲ್ಸನ್ ನಡುವೆ ಕೆಲವು ವರ್ಷ ಸಿಂಥಸೈಜರ್ ಪಾಪ್ ಕಡೆ ಹೋಗಿ ನನ್ನಂಥವರನ್ನು ಮುನಿಸಿಕೊಳ್ಳುವಂತೆ ಮಾಡಿದ್ದರು. ಈ ಆಲ್ಬಂ ಕೇಳಿದರೆ ಆ ಹೋಗಿಬಂದದ್ದು ವ್ಯರ್ಥವಲ್ಲ ಅನ್ನಿಸುತ್ತದೆ. ಅಲ್ಲಿ ಕಲಿತ ಯಂತ್ರದ ಸದ್ದನ್ನು ಇಲ್ಲಿ ಹಳೆಯ ಬಗೆಯ ಗಿಟಾರಿನ ಪಕ್ಕದಲ್ಲಿ ಕೂರಿಸಿದ್ದಾರೆ. ಈ ವರ್ಷ ಇನ್ನೂ ಒಂಬತ್ತು ತಿಂಗಳಿದೆ ಎಂಬುದು ಗೊತ್ತಿದ್ದೂ ಹೇಳುತ್ತೇನೆ, ಇದನ್ನು ಮೀರಿಸುವುದು ಕಷ್ಟ.

ಕೊನೆಗೆ ಜೆಥ್ರೊ ಟಲ್. ಮಾರ್ಚ್ 7ರಂದು ಬಂದ 'ಕ್ಯೂರಿಯಸ್ ರೂಮಿನಂಟ್' ಆಲ್ಬಮ್ಮಿನ ಅದೇ ಹೆಸರಿನ ಹಾಡು. ತಂಡದ ಗಾಯಕ, ಕೊಳಲು ವಾದಕ ಇಯಾನ್ ಆ್ಯಂಡರ್ಸನ್‌ಗೆ ಆಲ್ಬಂ ಬಂದಾಗ 77 ವರ್ಷ. ದನಿ ಸವೆದಿದೆ, ಮೊದಲಿನ ಎತ್ತರಕ್ಕೆ ಹೋಗುವುದಿಲ್ಲ. ಅದನ್ನು ಒಪ್ಪಿಕೊಂಡೇ ರಾಗ ಕಟ್ಟಿದ್ದಾರೆ, ಏರಬೇಕಾದಲ್ಲಿ ಕೊಳಲು ಏರುತ್ತದೆ. ಅದರ ಬೆನ್ನಿಗೆ ನಿರೂಪಕರು 1969ರ 'ಲಿವಿಂಗ್ ಇನ್ ದಿ ಪಾಸ್ಟ್' ಹಾಕಿದರು. ಇಂಗ್ಲೆಂಡಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೆ ಏರಿದ ಹಾಡು, ಮೂರೇ ಚಿಲ್ಲರೆ ನಿಮಿಷದ್ದು. ಮಾವನ ಬೆರಳು ಮೊದಲ ಸುತ್ತಿನಲ್ಲಿ ತಡವರಿಸಿತು, ಎರಡನೆಯದರಲ್ಲಿ ಹಿಡಿದುಬಿಟ್ಟಿತು.

"ಐದು. ಖಂಡ ಚಾಪಿನ ಲೆಕ್ಕ. ನೋಡು, ಇವರ ಕೈಗೂ ಐದು ಬರುತ್ತದೆ."

"ಏಳರಲ್ಲಿಯೂ ಮಾಡಿದ್ದಾರೆ ಮಾವ. ಪಿಂಕ್ ಫ್ಲಾಯ್ಡ್ ಎಂಬ ತಂಡದವರು ದುಡ್ಡಿನ ಮೇಲೆ ಒಂದು ಹಾಡು ಕಟ್ಟಿದ್ದಾರೆ, 1973ರಲ್ಲಿ."

"ದುಡ್ಡಿನ ಮೇಲೋ? ಹಾಕು."

ಕಾರ್ಯಕ್ರಮ ಮುಗಿದಿತ್ತು, ಹುಡುಕಿ ಹಾಕಿದೆ. ಏಳನ್ನು ತಕ್ಷಣ ಹಿಡಿದರು, ನಡುವೆ ಗಿಟಾರಿನ ಭಾಗಕ್ಕೆ ತಾಳ ನಾಲ್ಕಕ್ಕೆ ತಿರುಗಿದಾಗ "ಅಲ್ಲಿ ಬಿಟ್ಟರು" ಎಂದು ದೂರಿದರು. ಅದು ಬೇಕೆಂದೇ ಬಿಟ್ಟದ್ದು ಎಂದರೆ ನಂಬಲಿಲ್ಲ. ಡ್ರೀಮ್ ಥಿಯೇಟರ್ ವಿಷಯದಲ್ಲಿಯೂ ನಮಗೆ ರಾಜಿಯಾಗಲಿಲ್ಲ. ಆ ಓಟವೇ ಚಂದ, ಪದ್ಯ ಹಾಡುವಾಗ ಹಾರ್ಮೋನಿಯಂ ಸುಮ್ಮನಿದ್ದರೆ ಯಾರು ಒನ್ಸ್ ಮೋರ್ ಕೂಗುತ್ತಾರೆ ಎಂಬುದು ಅವರ ವಾದ. ಹಾಡಿಗೆ ಹಾರ್ಮೋನಿಯಂ, ಹಾರ್ಮೋನಿಯಂಗೆ ಹಾಡಲ್ಲ ಎಂಬುದು ನನ್ನದು. ಹನ್ನೆರಡರವರೆಗೆ ನಡೆಯಿತು. ಹೆಂಡತಿ ಕೆಳಗಿನಿಂದಲೇ ಮಗಳ ಪರೀಕ್ಷೆಯನ್ನು ನೆನಪಿಸಿದ ಮೇಲೆ ಚಾಪೆ ಸುತ್ತಿದೆವು.

ಬೆಳಿಗ್ಗೆ ಆರಕ್ಕೆ ಮಟನ್ ಅಂಗಡಿ. ಮಾವನೂ ಬರುತ್ತಾರಂತೆ. ಐಕ್ಯೂ ಆಲ್ಬಮ್ಮನ್ನು ಈಗಷ್ಟೇ ಕೊಂಡು ಇಳಿಸಿಕೊಂಡಿದ್ದೇನೆ, ಸಾಲಿನಲ್ಲಿ ನಿಂತಾಗ ಆ ತಪ್ಪಿದ ಆರು ನಿಮಿಷ ಕೇಳಿಸಿದರಾಯಿತು.